ಯಾವ ಸೂಜಿ ಎಂದು ನಾನು ಬರೆದಿರಲಿಲ್ಲ

ಹೊಸೂರಿನ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿ ಸೇರಿ ಹತ್ತೊಂಬತ್ತು ವರ್ಷವಾಯಿತು. ಅದರಲ್ಲಿ ಈಚಿನ ಏಳು ವರ್ಷ ಹೆಂಗಸರ ವಾರ್ಡಿನಲ್ಲಿ. ಸಕ್ಕರೆ ಕಾಯಿಲೆ, ಥೈರಾಯ್ಡು, ಮತ್ತೆ ಹೆಸರು ಹೇಳಿದರೆ ಯಾರಿಗೂ ಅರ್ಥವಾಗದ ಗ್ರಂಥಿಗಳ ಕಾಯಿಲೆ, ಇವೇ ನಮ್ಮ ಪಾಲಿಗೆ ಬರುವವು. ಈ ವಾರ್ಡಿನಿಂದ ವಾಸಿಯಾಗಿ ಹೋದವರನ್ನು ನಾನು ಕಂಡಿಲ್ಲ. ಸುಧಾರಿಸಿಕೊಂಡು ಹೋಗುತ್ತಾರೆ, ಮತ್ತೆ ಬರುತ್ತಾರೆ. ಹೋದ ಸಲ ಒಂದು ಬೆರಳು ತೆಗೆಸಿಕೊಂಡು ಹೋದವಳು ಈ ಸಲ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಬರುತ್ತಾಳೆ. ಹೆರಿಗೆ ವಾರ್ಡಿನ ನರ್ಸುಗಳಿಗೆ ಜನ ಸಿಹಿ ತಂದುಕೊಡುತ್ತಾರೆ. ನಮ್ಮ ವಾರ್ಡಿನಲ್ಲಿ ಸಿಹಿ ಕಂಡರೆ ನಾವೇ ಬೈದು ವಾಪಸು ಕಳಿಸಬೇಕು.

ನಾನು ಹೇಳಹೊರಟಿರುವ ಹೆಂಗಸು ಮೊದಲ ಸಲ ಬಂದದ್ದು ಚಳಿಗಾಲದ ಒಂದು ಬೆಳಿಗ್ಗೆ. ಅವಳದು ಉದ್ದನಪಲ್ಲಿಯಿಂದ ಇನ್ನೂ ಒಳಗಿನ ಹಳ್ಳಿ. ಕೋಸಿನ ಮೂಟೆ ಹೇರುವ ಟೆಂಪೋದಲ್ಲಿ ಹಿಂದೆ ಚಾಪೆ ಹಾಸಿ ಮಲಗಿಸಿಕೊಂಡು, ಗಂಡ ಮತ್ತು ಅತ್ತೆ ಕರೆತಂದಿದ್ದರು. ಮೂರು ದಿನದಿಂದ ಜ್ವರ, ಏನು ಕುಡಿದರೂ ವಾಂತಿ. ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಶಾಲು, ಅದರ ಮೇಲೊಂದು ಕಂಬಳಿ. ಇಷ್ಟಿದ್ದೂ ಕೈ ಮುಟ್ಟಿದರೆ ತಣ್ಣಗೆ. ಬಿ.ಪಿ. ನೋಡಲು ಪಟ್ಟಿ ಕಟ್ಟಿದೆ, ಕಿವಿಗೆ ಏನೂ ಕೇಳಿಸಲಿಲ್ಲ. ಸಕ್ಕರೆ ಕಾಯಿಲೆ ಇಲ್ಲದವಳ ರಕ್ತದಲ್ಲಿ ಸಕ್ಕರೆ ತಳ ಮುಟ್ಟಿತ್ತು. ವಯಸ್ಸು ಮೂವತ್ತು ಎಂದು ಗಂಡ ಹೇಳಿದ. ನಾನು ನಲವತ್ತೈದು ಎಂದು ಅಂದಾಜು ಮಾಡಿದ್ದೆ.

ಜ್ವರದ ಕಡ್ಡಿ ಇಡಲು ಕಂಕುಳು ಸರಿಸಿದಾಗ ಅಲ್ಲಿ ಒಂದೇ ಒಂದು ಕೂದಲಿರಲಿಲ್ಲ. ಬೋಳಿಸಿದ್ದೂ ಅಲ್ಲ, ಚಿಕ್ಕ ಹುಡುಗಿಯದರಂತೆ ನುಣ್ಣಗಿತ್ತು. ಹುಬ್ಬು ಅರ್ಧಕ್ಕೆ ನಿಂತುಹೋಗಿತ್ತು. ನನಗೆ ಅದರ ಅರ್ಥ ಗೊತ್ತಾಗಲಿಲ್ಲ. ಆದರೂ ಡಾಕ್ಟರಮ್ಮ ರೌಂಡಿಗೆ ಬಂದಾಗ ಹೇಳಿದೆ. ಆಕೆ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿ, ತಮಿಳಿನಲ್ಲಿ ಒಂದೊಂದೇ ಪ್ರಶ್ನೆ ಕೇಳತೊಡಗಿದರು. ನಾನು ಕನ್ನಡದಲ್ಲಿ ಅತ್ತೆಯನ್ನು ಕೇಳಿದೆ.

"ಹೆರಿಗೇಲಿ ರಕ್ತ ಜಾಸ್ತಿ ಹೋಗಿತ್ತಾ?"

"ಹೋಗಿತ್ತಾ ಅಂತ ಕೇಳ್ತೀಯಾ? ಚಾಪೆ, ಗೋಣಿತಾಟು ಎಲ್ಲಾ ನೆಂದೋಗಿತ್ತು ಕಣವ್ವ. ಸತ್ತೇಹೋದ್ಲು ಅಂದ್ಕೊಂಡ್ವಿ. ಆಮೇಲೆ ಆಸ್ಪತ್ರೆಗೆ ಹಾಕ್ಕೊಂಡೋಗಿ ಎರಡು ಬಾಟ್ಲು ರಕ್ತ ಹಾಕ್ಸಿದ್ವಿ."

"ಮಗೂಗೆ ಹಾಲು ಬಂತಾ?"

"ಒಂದು ತೊಟ್ಟೂ ಬರ್ನಿಲ್ಲ. ಪಕ್ಕದ ಮನೆ ಮೇಕೆ ಹಾಲು ಕುಡ್ಸಿ ಸಾಕ್ದೋಳು ನಾನು."

"ಆಮೇಲೆ ಮುಟ್ಟಾಗಿದಾಳಾ?"

ಅತ್ತೆ ಸೊಸೆಯ ಮುಖ ನೋಡಿದಳು. ಮಂಚದ ಮೇಲಿಂದ ಅವಳೇ ಉತ್ತರ ಕೊಟ್ಟಳು. ದನಿ ಗಂಡಸಿನದರಂತೆ ಒಡಕಲಾಗಿತ್ತು, ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತಿದ್ದಳು.

"ಇಲ್ಲಕ್ಕ. ಮಗು ಆದ್ಮೇಲೆ ಒಂದ್ಸಲಾನೂ ಇಲ್ಲ."

"ಯಾರ್ಗೂ ಹೇಳ್ಲಿಲ್ವಾ?"

"ಏನಂತ ಹೇಳ್ಲಿ? ಪೀಡೆ ತೊಲಗ್ತು ಅಂದ್ಕೊಂಡೆ."

ಮಗುವಿಗೆ ಆಗ ಒಂಬತ್ತು ವರ್ಷ. ಮಿದುಳಿನ ಬುಡದಲ್ಲಿ ಅವರೆಕಾಳಿನಷ್ಟು ದೊಡ್ಡ ಒಂದು ಗ್ರಂಥಿ ಇರುತ್ತದೆ. ಉಳಿದ ಗ್ರಂಥಿಗಳಿಗೆಲ್ಲ ಅದೇ ಯಜಮಾನ. ಹೆರಿಗೆಯಲ್ಲಿ ಹೆಚ್ಚು ರಕ್ತ ಹೋದರೆ ಒಮ್ಮೊಮ್ಮೆ ಅದಕ್ಕೆ ರಕ್ತ ಸಿಗದೆ ಒಣಗಿಹೋಗುತ್ತದೆ. ಆಮೇಲೆ ಹಾಲಿಲ್ಲ, ಮುಟ್ಟಿಲ್ಲ, ಮೈ ಬೆಚ್ಚಗಾಗುವುದಿಲ್ಲ, ಕೈಕಾಲಿಗೆ ಬಲವಿಲ್ಲ. ಜ್ವರ ಬಂದರೆ ಅದನ್ನು ತಡೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ. ಕೃಷ್ಣಗಿರಿಯಲ್ಲಿ ನಾನು ನರ್ಸಿಂಗ್ ಓದುವಾಗ ಪುಸ್ತಕದಲ್ಲಿ ಇದಕ್ಕೆ ಇದ್ದದ್ದು ಒಂದೇ ಪ್ಯಾರಾ. ಪರೀಕ್ಷೆಗೆ ಬರುವುದಿಲ್ಲ ಎಂದು ಮೇಡಂ ಅದನ್ನು ಬಿಡಿಸಿದ್ದರು.

ಹೈಡ್ರೋಕಾರ್ಟಿಸೋನ್ ಎನ್ನುವ ಔಷಧಿಯನ್ನು ನರಕ್ಕೆ ಕೊಟ್ಟೆವು. ಅವಳ ಮೈ ತಾನಾಗಿ ತಯಾರಿಸಲಾಗದಿದ್ದದ್ದು ಅದನ್ನೇ. ಮಧ್ಯಾಹ್ನ ಊಟದ ಹೊತ್ತಿಗೆ ಬಿ.ಪಿ. ಸಿಕ್ಕಿತು. ಮಾರನೆಯ ದಿನ ಎದ್ದು ಕೂತಳು. ಮೂರನೆಯ ದಿನ ನಾನು ಡ್ಯೂಟಿಗೆ ಬಂದಾಗ ಕಿಟಕಿಯ ಹತ್ತಿರ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು. "ಅಕ್ಕ, ಹಸಿವಾಯ್ತದೆ. ಮುದ್ದೆ ತಿನ್ಬೌದಾ?" ಎಂದಳು. ನನ್ನ ಡಬ್ಬಿಯಲ್ಲಿದ್ದ ಮುದ್ದೆಯನ್ನೇ ಕೊಟ್ಟೆ. ಅವಳ ಅತ್ತೆ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತು, ಸೊಸೆ ತಿನ್ನುವುದನ್ನು ನೋಡುತ್ತಿದ್ದಳು.

"ಒಂಬತ್ತು ವರ್ಸ ಸೋಂಬೇರಿ, ಸೋಂಬೇರಿ ಅಂತ ಬೈದ್ನಲ್ಲವ್ವ ಇವಳ್ನ," ಎಂದಳು ನನಗೆ. "ಬಿಸ್ಲಲ್ಲಿ ಗೋಡೆಗೆ ಒರಗಿ ಕೂತ್ಕೋತಿದ್ಲು. ನೀರು ಎಸೆದು ಎಬ್ಬಿಸ್ತಿದ್ದೆ."

ಸೊಸೆ ಮುದ್ದೆ ನುಂಗುತ್ತಾ, "ಈಗ್ಯಾಕತ್ತೆ ಅದು," ಅಂದಳು.

ಬಿಡುಗಡೆಯ ದಿನ ಕಾಯಿಲೆಯ ವಿಷಯ ತಿಳಿಸಿ ಹೇಳುವುದು ನನ್ನ ಕೆಲಸ. ಅದೇ ಔಷಧಿಯ ಮಾತ್ರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಅರ್ಧ. ಬದುಕಿರುವ ತನಕ ತಪ್ಪಿಸುವಂತಿಲ್ಲ. ಜ್ವರ ಬಂದರೆ ಎರಡರಷ್ಟು. ವಾಂತಿಯಾದರೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಆಗ ಸೂಜಿಯೇ ಬೇಕು. ಆಸ್ಪತ್ರೆಯವರು ಕೊಡುವ ಕಾಗದ ಇಂಗ್ಲಿಷಿನಲ್ಲಿರುತ್ತದೆ, ಅದನ್ನು ಜನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿಟ್ಟುಬಿಡುತ್ತಾರೆ. ಅದು ನನಗೆ ಗೊತ್ತಿತ್ತು. ಅವಳು ಓದಿದ್ದು ಕನ್ನಡ ಶಾಲೆಯಲ್ಲಿ ಏಳನೆಯವರೆಗೆ, ಗಂಡ ಓದಿದ್ದು ತಮಿಳು. ಹಾಗಾಗಿ ಒಂದು ರಟ್ಟಿನ ತುಂಡಿನ ಮೇಲೆ ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ತಮಿಳಿನಲ್ಲಿ ನಾನೇ ದುಂಡಗೆ ಬರೆದುಕೊಟ್ಟೆ. 'ಜ್ವರ ಬಂದರೆ ಮಾತ್ರೆ ಎರಡರಷ್ಟು. ವಾಂತಿಯಾದರೆ ಕೂಡಲೇ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕು. ತಡ ಮಾಡಬಾರದು.' ಅವಳ ಕೈಯಲ್ಲಿ ಓದಿಸಿದೆ. ಗಂಡನ ಕೈಯಲ್ಲೂ ಓದಿಸಿದೆ. ಅತ್ತೆಗೆ ಓದು ಬರುತ್ತಿರಲಿಲ್ಲ, ಅವಳಿಗೆ ಬಾಯಿಪಾಠ ಮಾಡಿಸಿದೆ. ಇಷ್ಟು ಚೆನ್ನಾಗಿ ಯಾರಿಗೂ ಹೇಳಿಕೊಟ್ಟಿರಲಿಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಆಮೇಲೆ ಒಂದೂವರೆ ವರ್ಷ ಅವಳು ಚೆನ್ನಾಗಿದ್ದಳು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಊರ ಹತ್ತಿರದ ರೋಜಾ ಹೂವಿನ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದಳು. ಹುಬ್ಬು ಪೂರ್ತಿಯಾಗಿ ಬರಲಿಲ್ಲ, ಕಾಡಿಗೆಯ ಪೆನ್ಸಿಲಿನಿಂದ ತಿದ್ದಿಕೊಳ್ಳುವುದನ್ನು ಮಗಳು ಕಲಿಸಿದ್ದಳು. ತಪಾಸಣೆಗೆ ಬಂದಾಗಲೆಲ್ಲ ಕಾಂಡ ಮುರಿದು ಮಾರಾಟಕ್ಕೆ ಆಗದ ರೋಜಾಗಳನ್ನು ಪೇಪರಿನಲ್ಲಿ ಸುತ್ತಿ ತರುತ್ತಿದ್ದಳು. ಆಲಸನತ್ತಂನ ನನ್ನ ಬಾಡಿಗೆ ಮನೆಯಲ್ಲಿ ಹೂದಾನಿ ಇರಲಿಲ್ಲ, ನೀರಿನ ಚೊಂಬಿನಲ್ಲಿ ಇಡುತ್ತಿದ್ದೆ. ಒಂದು ಸಲ ರಜೆಯ ದಿನ ಅವರ ಮನೆಗೂ ಹೋಗಿದ್ದೆ. ಅವಳ ಅತ್ತೆ ನನ್ನನ್ನು ಕೂರಿಸಿಕೊಂಡು, "ಯಾವೂರು, ಯಾರ ಮಗಳವ್ವ ನೀನು?" ಎಂದು ಕೆದಕಿ ಕೆದಕಿ ಕೇಳಿ, ನನ್ನ ತಾಯಿಯ ಕಡೆಯವರು ತಮಗೆ ದೂರದ ನೆಂಟರು ಎಂದು ತೀರ್ಮಾನ ಮಾಡಿದಳು. ಎರಡು ಹೊತ್ತಿನ ಮಾತ್ರೆಯನ್ನೂ ಅವಳೇ ಎಣಿಸಿ ಸೊಸೆಯ ಕೈಗೆ ಹಾಕುತ್ತಿದ್ದಳಂತೆ. "ಮರೆತ್ರೆ ನಂಗೇ ಊಟ ಸೇರಾಕಿಲ್ಲ," ಎಂದಳು. ಅವಳು ಸೊಸೆಯನ್ನು ಕರೆಯುತ್ತಿದ್ದ ರೀತಿಯೇ ಬದಲಾಗಿತ್ತು.

ಬೇಸಿಗೆಯಲ್ಲಿ ಜೂಜುವಾಡಿಯಲ್ಲಿ ಅವರ ನೆಂಟರೊಬ್ಬರ ಹೊಸ ಮನೆಯ ಗೃಹಪ್ರವೇಶವಿತ್ತು. ಅತ್ತೆ, ಸೊಸೆ, ಮಗಳು ಹಿಂದಿನ ದಿನವೇ ಹೋಗಿದ್ದರು. ಗಂಡನಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ. ರಾತ್ರಿ ತಿಂದ ಹಬ್ಬದಡುಗೆಯೋ ನೀರು ಒಗ್ಗದ್ದೋ, ಗೃಹಪ್ರವೇಶದ ದಿನ ಬೆಳಿಗ್ಗೆ ಅವಳಿಗೆ ಭೇದಿ ಶುರುವಾಯಿತು, ಜೊತೆಗೆ ಜ್ವರ. ಅವಳು ರಟ್ಟಿನಲ್ಲಿ ಇದ್ದ ಹಾಗೆ ಎರಡು ಮಾತ್ರೆ ನುಂಗಿದಳು. ವಾಂತಿಯಾಯಿತು. ಮತ್ತೆ ಎರಡು ನುಂಗಿದಳು. ಅದೂ ಹೊರಗೆ ಬಂತು. ಅತ್ತೆಗೆ ಬಾಯಿಪಾಠ ನೆನಪಿತ್ತು. ಒಂದು ನಿಮಿಷವೂ ತಡ ಮಾಡದೆ ಆಟೋ ಕರೆದು, ಲಾರಿಗಳ ನಡುವೆ ನುಗ್ಗಿಸಿಕೊಂಡು ಹೆದ್ದಾರಿಯಾಚೆ ಹತ್ತಿರದಲ್ಲೇ ಇದ್ದ ಒಂದು ಸಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು.

ಅಲ್ಲಿ ನಡೆದದ್ದನ್ನು ಅತ್ತೆ ನನಗೆ ಆಮೇಲೆ ಹೇಳಿದಳು. ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರು ಉತ್ತರ ಭಾರತದ ಕಡೆಯವನು. ಅತ್ತೆಗೆ ಕನ್ನಡ, ತೆಲುಗು ಚೆನ್ನಾಗಿ, ತಮಿಳು ಅಷ್ಟಿಷ್ಟು ಬರುತ್ತಿತ್ತು, ಅವನಿಗೆ ಮೂರೂ ಬರುತ್ತಿರಲಿಲ್ಲ. ಅವಳು ಸೊಸೆಯ ಪರ್ಸಿನಿಂದ ರಟ್ಟು ತೆಗೆದು ಅವನ ಮುಂದೆ ಹಿಡಿದಳು. ಚೀಟಿ ಬರೆಯುವ ಹುಡುಗಿ ತಮಿಳಿನ ಕಡೆ ಓದಿ, ಅವನಿಗೆ ಇಂಗ್ಲಿಷಿನಲ್ಲಿ ಹೇಳಿದಳು: ವಾಂತಿಯಾದರೆ ಸೂಜಿ ಹಾಕಬೇಕಂತೆ. ಅವನು ತಲೆಯಾಡಿಸಿ ವಾಂತಿ ನಿಲ್ಲುವ ಸೂಜಿ ಹಾಕಿದ. ಜ್ವರಕ್ಕೂ ಒಂದು ಹಾಕಿದ.

ವಾಂತಿ ನಿಂತಿತು. ಸೂಜಿ ಹಾಕಿಸಿದ್ದಾಯಿತಲ್ಲ ಎಂದು ಎಲ್ಲರಿಗೂ ಸಮಾಧಾನವಾಯಿತು. ನೆಂಟರ ಮನೆಗೆ ವಾಪಸು ಬಂದರು. ಹನ್ನೊಂದು ಗಂಟೆಯ ಹೊತ್ತಿಗೆ ಅವಳು, "ಅತ್ತೆ, ನಿದ್ದೆ ಬತ್ತದೆ, ವಸಿ ಮಲೀಕೋತೀನಿ," ಎಂದಳು. ಹೊಸ ಮನೆಯ ಒಳಕೋಣೆಯಲ್ಲಿ ಹಾಸಿ ಮಲಗಿಸಿ, ಗಲಾಟೆ ಕೇಳದಿರಲಿ ಎಂದು ಅತ್ತೆ ಬಾಗಿಲು ಮುಚ್ಚಿದಳು. ಊಟಕ್ಕೆ ಎಬ್ಬಿಸಲು ಮಗಳು ಹೋದಾಗಲೂ, "ಮಲಗ್ಲಿ ಬಿಡೆ ಪಾಪ, ಸುಸ್ತಾಗವ್ಳೆ," ಎಂದು ತಡೆದಳು. ಸಂಜೆ ನಾಲ್ಕೂವರೆಗೆ ಶಿಫ್ಟು ಮುಗಿಸಿ ಗಂಡ ಅಲ್ಲಿಗೆ ಬಂದು ಬಾಗಿಲು ತೆಗೆದ. ಅವಳ ಕೈಕಾಲು ಸೆಟೆದುಕೊಂಡಿದ್ದವು, ಬಾಯಿಯಲ್ಲಿ ನೊರೆ ಇತ್ತು, ಉಸಿರು ಮಾತ್ರ ಆಡುತ್ತಿತ್ತು.

ಆ ದಿನ ನಾನು ಮಧ್ಯಾಹ್ನದ ಪಾಳಿಯಲ್ಲಿದ್ದೆ. ಸ್ಟ್ರೆಚರ್ ಒಳಗೆ ಬಂದಾಗ ಮೊದಲು ಹುಬ್ಬಿನ ಕಾಡಿಗೆ ಕಂಡಿತು, ಆಮೇಲೆ ಅವಳೆಂದು ಗೊತ್ತಾಯಿತು. ನರ ಸಿಗಲಿಲ್ಲ. ಎರಡು ಕಡೆ ಚುಚ್ಚಿ, ಮೂರನೆಯದರಲ್ಲಿ ಸಿಕ್ಕಿತು. ಸಕ್ಕರೆ ನೀರು, ಹೈಡ್ರೋಕಾರ್ಟಿಸೋನ್, ಮತ್ತೆ ಸಕ್ಕರೆ ನೀರು. ಹೋದ ಸಲ ಇಷ್ಟಕ್ಕೇ ಎದ್ದು ಕೂತಿದ್ದಳು. ಈ ಸಲ ಬಿ.ಪಿ. ಬಂತು, ಸಕ್ಕರೆ ಬಂತು, ಮೈ ಬೆಚ್ಚಗಾಯಿತು. ಅವಳು ಮಾತ್ರ ಬರಲಿಲ್ಲ.

ಅತ್ತೆ ನನ್ನ ಕೈ ಹಿಡಿದುಕೊಂಡು, "ಸೂಜಿ ಹಾಕ್ಸಿದ್ವಲ್ಲವ್ವ. ನೀನು ಹೇಳ್ದಂಗೇ ಹಾಕ್ಸಿದ್ವಲ್ಲ," ಎಂದಳು.

"ಯಾವ ಸೂಜಿ ಹಾಕಿದ್ರು?"

ಅವಳು ರಟ್ಟನ್ನು ನನಗೇ ಕೊಟ್ಟಳು. ನನ್ನ ದುಂಡನೆಯ ಅಕ್ಷರ. ಎರಡೂ ಕಡೆ ತಿರುಗಿಸಿ ಓದಿದೆ. ಔಷಧಿಯ ಹೆಸರು ಎಲ್ಲೂ ಇರಲಿಲ್ಲ. ಕಾಯಿಲೆಯ ಹೆಸರೂ ಇರಲಿಲ್ಲ. ಅವರು ಓದಲಿ ಎಂದು ಬರೆದಿದ್ದೆ. ಅವರು ಹೋಗಿ ತೋರಿಸುವ ಡಾಕ್ಟರು ಏನು ಓದಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ಸೂಜಿ ಎಂದರೆ ನನ್ನ ತಲೆಯಲ್ಲಿ ಒಂದೇ ಸೂಜಿ.

ರೌಂಡು ಮುಗಿದ ಮೇಲೆ ಡಾಕ್ಟರಮ್ಮನಿಗೆ ಅದನ್ನು ತೋರಿಸಿದೆ. ಆಕೆ ಓದಿ, "ನಮ್ಮ ಕಾಗದದಲ್ಲಿ ಎಲ್ಲಾ ಇತ್ತು. ಅದನ್ನು ಜೊತೆಗೆ ಇಟ್ಟುಕೊಳ್ಳಬೇಕಿತ್ತು ಅವರು. ಇದನ್ನು ಯಾರಿಗೂ ತೋರಿಸಬೇಡಿ ಸಿಸ್ಟರ್," ಎಂದರು. ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನು ಅವರ ಮಾತು ಕೇಳಿದೆ. ರಟ್ಟನ್ನು ಅತ್ತೆಗೆ ವಾಪಸು ಕೊಡಲಿಲ್ಲ, ಅವಳೂ ಕೇಳಲಿಲ್ಲ.

ಹನ್ನೆರಡನೆಯ ದಿನ ಅವಳು ಕಣ್ಣು ಬಿಟ್ಟಳು. ಗಂಡ ಓಡಿಬಂದು ನನ್ನನ್ನು ಕರೆದ. ಅವನ ಮುಖದಲ್ಲಿದ್ದ ಆಸೆ ನೋಡಿ ನನಗೆ ಅಲ್ಲಿಂದ ಹೋಗಿಬಿಡೋಣ ಎನಿಸಿತು. ಕಣ್ಣು ತೆರೆದಿದ್ದವು, ಅಷ್ಟೆ. ಮಗಳನ್ನು ಎದುರಿಗೆ ನಿಲ್ಲಿಸಿದರೂ ನೋಟ ಅವಳ ಹೆಗಲಾಚೆ ಎಲ್ಲೋ ಇರುತ್ತಿತ್ತು. ಸಕ್ಕರೆ ಇಲ್ಲದೆ ಐದು ಗಂಟೆ ಇದ್ದ ಮಿದುಳು ಹಿಂದಿರುಗುವುದಿಲ್ಲ. ಡಾಕ್ಟರಮ್ಮ ಇದನ್ನು ತಮಿಳಿನಲ್ಲಿ ಹೇಳಿದರು, ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಗಂಡ, "ಟೈಮ್ ಹಿಡಿಯುತ್ತೆ, ಅಲ್ವಾ ಅಕ್ಕ?" ಎಂದು ಕೇಳಿದ. ನಾನು ಡ್ರಿಪ್ಪಿನ ಬಾಟಲಿ ಬದಲಿಸತೊಡಗಿದೆ.

ಮನೆಗೆ ಕಳಿಸುವ ಮುಂಚೆ ಮತ್ತೆ ನಾನೇ ಕಲಿಸಿಕೊಡಬೇಕಾಯಿತು. ಮೂಗಿನ ಕೊಳವೆಯಲ್ಲಿ ಗಂಜಿ ಹೇಗೆ ಬಿಡುವುದು, ಬಿಡುವ ಮುಂಚೆ ಕೊಳವೆ ಹೊಟ್ಟೆಯಲ್ಲೇ ಇದೆಯೇ ಎಂದು ಹೇಗೆ ನೋಡುವುದು, ಮಾತ್ರೆಯನ್ನು ಎರಡು ಚಮಚದ ನಡುವೆ ಪುಡಿ ಮಾಡಿ ನೀರಿನಲ್ಲಿ ಕದಡುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಅತ್ತೆ ಎಲ್ಲವನ್ನೂ ಒಂದೇ ಸಲಕ್ಕೆ ಕಲಿತಳು. ನಮ್ಮ ವಾರ್ಡಿನ ಹೊಸ ಹುಡುಗಿಯರಿಗಿಂತ ನೀಟಾಗಿ ಮಾಡುತ್ತಿದ್ದಳು.

ರಜೆಯ ದಿನಗಳಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ಕೊಳವೆ ಬದಲಿಸುತ್ತಿದ್ದೆ, ಬೆನ್ನು ನೋಡುತ್ತಿದ್ದೆ. ನಾಲ್ಕು ತಿಂಗಳು ಬೆನ್ನು ಚೆನ್ನಾಗಿತ್ತು. ಐದನೆಯ ತಿಂಗಳು ಸೊಂಟದ ಕೆಳಗೆ ನಾಣ್ಯದಷ್ಟು ಕೆಂಪಾಯಿತು. ಅದರ ಮುಂದಿನ ಸಲ ಬೆರಳು ಇಡುವಷ್ಟು ಗುಂಡಿ. ಹಗಲು ಅತ್ತೆ, ಶಿಫ್ಟು ಮುಗಿದ ಮೇಲೆ ಗಂಡ, ಇಬ್ಬರೂ ತಪ್ಪದೆ ತಿರುಗಿಸಿ ಮಲಗಿಸುತ್ತಿದ್ದರು. ಆದರೂ ಮೈಯಲ್ಲಿ ಮಾಂಸವೇ ಇಲ್ಲದಿದ್ದರೆ ಯಾರು ತಾನೆ ಏನು ಮಾಡಿಯಾರು?

ಒಂದು ದಿನ ಗಾಯ ತೊಳೆದು ಕಟ್ಟು ಹಾಕುತ್ತಿದ್ದೆ. ಅತ್ತೆ ಸೊಸೆಯನ್ನು ಮಗ್ಗುಲಿಗೆ ತಿರುಗಿಸಿ ಹಿಡಿದಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಮ್ಮ, ತಪ್ಪು ನಂದು. ಯಾವ ಸೂಜಿ ಅಂತ ನಾನು ಬರೀಲಿಲ್ಲ. ಬರೆದಿದ್ರೆ ಆ ಡಾಕ್ಟ್ರು ಅದನ್ನೇ ಹಾಕ್ತಿದ್ದ. ಇಲ್ಲ ಅಂದ್ರೆ ನಮ್ಮಲ್ಲಿಗೇ ಕಳಿಸ್ತಿದ್ದ."

ಅವಳು ಸೊಸೆಯನ್ನು ಹಿಡಿದ ಕೈ ಸಡಿಲಿಸಲಿಲ್ಲ. ನಾನು ಕಟ್ಟು ಮುಗಿಸಿ ಕೈ ತೊಳೆದು ಬಂದೆ.

"ಇದ್ನ ನಂಗ್ಯಾಕೆ ಹೇಳ್ದೆ?" ಎಂದಳು ಆಗ. "ಬಾಗ್ಲು ಹಾಕ್ದೋಳು ನಾನು. ಮಗೀಗೆ ಎಬ್ಬಿಸ್ಬೇಡ ಅಂದೋಳು ನಾನು. ದಿನಾ ಅದ್ನೇ ನೆನೆಸ್ಕೊಂಡು ಇವಳ ಮಗ್ಗುಲು ತಿರುಗಿಸ್ತೀನಿ. ಈಗ ನಿನ್ ತಪ್ಪೂ ತಂದು ನನ್ ಮುಂದೆ ಇಟ್ರೆ ನಾನೇನವ್ವ ಮಾಡ್ಲಿ? ನಿನ್ನ ಬೈಯ್ಯೋ ಅಷ್ಟು ಶಕ್ತಿ ನಂಗಿಲ್ಲ. ಹೋಗ್ಲಿ ಬಿಡು ಅನ್ನಾಕೂ ಬಾಯಿ ಬರಾಕಿಲ್ಲ."

ಹಗುರವಾಗಲೆಂದು ಹೇಳಿದ್ದೆ ಎಂದು ಆಗ ತಿಳಿಯಿತು. ನನ್ನ ಹಗುರಕ್ಕಾಗಿ. ಆ ಮುದುಕಿ ಅದನ್ನು ನನಗಿಂತ ಬೇಗ ಕಂಡುಕೊಂಡಿದ್ದಳು.

ಅದಾದ ಮೇಲೆ ನಾನು ಹೋಗುವುದು ಕಡಿಮೆಯಾಯಿತು. ಡ್ಯೂಟಿ ಜಾಸ್ತಿ ಎಂದು ಫೋನಿನಲ್ಲಿ ಹೇಳುತ್ತಿದ್ದೆ. ಜಾಸ್ತಿಯೂ ಇತ್ತು, ಆದರೆ ಅದು ಕಾರಣವಲ್ಲ. ಮಳೆಗಾಲದ ಕೊನೆಯಲ್ಲಿ ಅವಳಿಗೆ ಎದೆಗೆ ಕಫ ಕಟ್ಟಿತು. ಗಂಡ ಫೋನು ಮಾಡಿ, "ಅಡ್ಮಿಟ್ ಮಾಡ್ಬೇಕಾ ಅಕ್ಕ?" ಎಂದು ಕೇಳಿದ. ಕರೆತನ್ನಿ, ಮಾತ್ರೆ ಎರಡರಷ್ಟು ಕೊಟ್ಟು ಕರೆತನ್ನಿ ಎಂದೆ. "ಅಮ್ಮ ಬೇಡ ಅಂತಾವ್ಳೆ. ಮನೇಲೇ ಇರ್ಲಿ ಅಂತಾವ್ಳೆ," ಎಂದ. ನಾನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರೆ ಅವರು ತರುತ್ತಿದ್ದರು, ನಾವು ಎರಡು ವಾರ ಉಳಿಸುತ್ತಿದ್ದೆವು, ಇಲ್ಲವೇ ಎರಡು ತಿಂಗಳು. ಯಾವುದಕ್ಕೆ ಎಂದು ನನಗೂ ಗೊತ್ತಿರಲಿಲ್ಲ. ಮೂರು ದಿನದ ಮೇಲೆ ಅವನೇ ಮತ್ತೆ ಫೋನು ಮಾಡಿ, "ಹೋಗ್ಬುಟ್ಲು," ಎಂದ. ಮಣ್ಣಿಗೆ ಹೋಗಿದ್ದೆ. ಗುಂಪಿನಲ್ಲಿ ಹಿಂದೆ ನಿಂತಿದ್ದು ಬಂದೆ. ಮಗಳು ಯಾರೋ ಹೆಂಗಸಿನ ಮಡಿಲಲ್ಲಿ ಮುಖ ಇಟ್ಟುಕೊಂಡಿದ್ದಳು.

ಈಗ ನಮ್ಮ ವಾರ್ಡಿನಿಂದ ಹೋಗುವವರಿಗೆ ನಾನು ಔಷಧಿಯ ಹೆಸರು, ಕಾಯಿಲೆಯ ಹೆಸರು, ಎಷ್ಟು ಮಿಲಿಗ್ರಾಂ, ಎಲ್ಲಿಗೆ ಹಾಕಬೇಕು, ಎಲ್ಲವನ್ನೂ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ. ಹೊಸ ನರ್ಸುಗಳು ಅದನ್ನು ನೋಡಿ ಕಲಿಯುತ್ತಾರೆ, ಒಳ್ಳೆಯ ಕೆಲಸ ಸಿಸ್ಟರ್ ಎನ್ನುತ್ತಾರೆ. ಅದರಿಂದ ಯಾರಾದರೂ ಉಳಿದಿದ್ದರೆ ನನಗೆ ಸುದ್ದಿ ಬಂದಿಲ್ಲ. ಉಳಿದವರು ಬಂದು ಹೇಳುವುದಿಲ್ಲ.

ಹೋದ ವರ್ಷ ಅಮ್ಮನ ಮನೆಗೆ ಹೋಗುವಾಗ ರಾಯಕೋಟೆ ಕಡೆಯ ಬಸ್ಸಿನಲ್ಲಿ ಅವಳ ಅತ್ತೆ ಸಿಕ್ಕಿದಳು. ಸೀಟು ಖಾಲಿ ಇದ್ದದ್ದು ನನ್ನ ಪಕ್ಕದಲ್ಲಿ ಮಾತ್ರ. ಬಂದು ಕೂತು, ಕಾಲ ಬಳಿ ಚೀಲ ಇಟ್ಟುಕೊಂಡಳು. ತುಂಬಾ ಇಳಿದುಹೋಗಿದ್ದಳು.

"ಮೊಮ್ಮಗಳು ಹೇಗಿದಾಳೆ ಅಮ್ಮ?"

"ದೊಡ್ಡೋಳಾದ್ಲು. ಅವಳಪ್ಪಂಗೆ ಇನ್ನೊಂದು ಮದ್ವೆ ಮಾಡ್ಬೇಕು ಅಂತ ಎಲ್ರೂ ಹೇಳ್ತಾವ್ರೆ. ಅವನು ಒಪ್ಪಾಕಿಲ್ಲ."

"ನಿಮ್ಮ ಆರೋಗ್ಯ?"

"ನಂಗೇನು, ಐತೆ."

ಕಿಟಕಿಯಾಚೆ ಬಿಳಿಯ ಪ್ಲಾಸ್ಟಿಕ್ ಹೊದಿಸಿದ ಹೂವಿನ ಶೆಡ್ಡುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವಳು ಆ ಕಡೆ ನೋಡಲಿಲ್ಲ. ಈ ವರ್ಷ ಅವರೆ ಹೂ ಉದುರಿಹೋಯಿತು ಎಂದಳು. ಹೌದಾ ಎಂದೆ. ಉದ್ದನಪಲ್ಲಿ ಬಂದಾಗ ಚೀಲ ಎತ್ತಿಕೊಂಡು ಎದ್ದಳು. ಮೊದಲೆಲ್ಲ ಹೋಗುವಾಗ, ಮನೆ ಕಡೆ ಬಾರವ್ವ ಎನ್ನುತ್ತಿದ್ದಳು. ಆ ದಿನ, "ಬತ್ತೀನಿ," ಎಂದಷ್ಟೇ ಹೇಳಿ, ಮೆಟ್ಟಿಲ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಳಿದು ಹೋದಳು.